ಗೂಡಿನ ವಿದ್ಯೆ ಗಡಿ ದಾಟಿದ ಕತೆ

1786ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದ ಕಿಲ್ಲೇದಾರ ಸೈಯದ್ ಮುಹಮ್ಮದ್ ಎಂಬವರಿಗೆ ಒಂದು ಕಾಗದ ಬರೆಸಿದರು. ರೇಷ್ಮೆ ಹುಳು ತರಲೆಂದು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬ ಇಬ್ಬರು ಸಿದ್ಧವಟದ ಹಾದಿಯಾಗಿ ಮರಳುತ್ತಿದ್ದಾರೆ, ಅವರು ಬಂದ ಕೂಡಲೆ ಹುಳುಗಳನ್ನು ಎಂಥ ಜಾಗದಲ್ಲಿ ಇಡಬೇಕೆಂದು ಅವರಿಂದಲೇ ತಿಳಿದುಕೊಂಡು ವ್ಯವಸ್ಥೆ ಮಾಡಬೇಕು ಎಂಬುದು ಕಾಗದದ ಸಾರಾಂಶ. ಮೊದಲೇ ನೆಡಲು ಹೇಳಿದ್ದ ಹಿಪ್ಪುನೇರಳೆಯ ಎಲೆಯನ್ನು ಮೇವಿಗೆ ಒದಗಿಸಬೇಕು, ಎಷ್ಟು ಹುಳು ಬಂದಿವೆ, ಅವುಗಳನ್ನು ಹೆಚ್ಚಿಸುವ ಉಪಾಯವೇನು ಎಂಬುದನ್ನು ಬಿಡಿಸಿ ಬರೆಯಬೇಕು ಎಂದೂ ಅದರಲ್ಲಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಸೇರಿದ ಪತ್ರಗಳಲ್ಲಿ ಇದೂ ಒಂದು. ಕರ್ನಲ್ ಕರ್ಕ್‌ಪ್ಯಾಟ್ರಿಕ್ ಇವನ್ನು ಪಾರಸಿಯಿಂದ ಇಂಗ್ಲಿಷಿಗೆ ತಂದು 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಟಿಪ್ಪುವಿನ ಬಗ್ಗೆ ಅವನಿಗೆ ಪ್ರೀತಿಯೇನೂ ಇರಲಿಲ್ಲ. ಆದರೂ ಈ ಕಾಗದ ಉಳಿದದ್ದು ಅವನಿಂದಲೇ.

ಕಾಗದದಲ್ಲಿ ಯುದ್ಧವಿಲ್ಲ, ಖಜಾನೆಯಿಲ್ಲ. ಕೇಳಿರುವುದೆಲ್ಲ ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನನ್ನು ಕೇಳುವ ಮಾತು: ಎಲ್ಲಿಡಬೇಕು, ಏನು ಮೇಯಿಸಬೇಕು, ಎಷ್ಟಿವೆ, ಹೇಗೆ ಹೆಚ್ಚಿಸಬೇಕು? ಇವತ್ತು ಹನೂರು ಕಡೆಯ ಒಬ್ಬ ರೈತ ಮೂರನೇ ಜ್ವರಕ್ಕೆ ಹೋದ ಹುಳುವಿನ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ, "ಅಣ್ಣಾ, ಯಾಕೋ ಕೆಲವು ಏಳ್ತಾ ಇಲ್ಲ, ಏನು ಮಾಡ್ಲಿ?" ಎಂದು ಕೇಳಿದರೆ ಅದೂ ಇದೇ ಜಾತಿಯ ಪ್ರಶ್ನೆ. ಹುಳುವಿನ ಪೊರೆ ಬಿಡುವಿಕೆಗೆ ನಮ್ಮ ಕಡೆ ಜ್ವರ ಎಂದೇ ಹೆಸರು. ನಾಲ್ಕು ಜ್ವರ ಕಳೆದ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ಊರುಗಳ ಸುತ್ತ ಈ ಪ್ರಶ್ನೆಗೆ ಕಾಲಕಾಲಕ್ಕೆ ಯಾರು ಉತ್ತರ ಹೇಳಿದರು, ಯಾರು ಬಚ್ಚಿಟ್ಟರು, ಯಾರನ್ನು ಯಾರೂ ಕೇಳಲೇ ಇಲ್ಲ ಎಂಬುದನ್ನು ಇಲ್ಲಿ ನೋಡಲು ಹೊರಟಿದ್ದೇವೆ.

ಟಿಪ್ಪು ಸುಲ್ತಾನರು ಬಂಗಾಳವೊಂದನ್ನೇ ನಂಬಿ ಕೂತಿರಲಿಲ್ಲ. ಮಸ್ಕತ್‌ನಲ್ಲಿದ್ದ ತಮ್ಮ ವ್ಯಾಪಾರದ ಪ್ರತಿನಿಧಿ ಮೀರ್ ಕಾಜಿಮರಿಗೂ ಬರೆದರು. ಆ ಕಡಲ ಸೀಮೆಯಿಂದ ಹುಳುವಿನ ಜೊತೆಗೆ ಹುಳು ಸಾಕಲು ಬಲ್ಲ ಐದಾರು ಮಂದಿಯನ್ನೂ ಕಳಿಸಿಕೊಡಬೇಕೆಂಬುದು ಆ ಬರಹದ ಬೇಡಿಕೆ. ನಮಗೆ ಮುಖ್ಯವೆನಿಸುವುದು ಈ 'ಬಲ್ಲವರು' ಎಂಬ ಮಾತು. ಹುಳು ಬಂದು ಆಳು ಬಾರದಿದ್ದರೆ ಕಸುಬು ಬರುವುದಿಲ್ಲ ಎಂಬುದನ್ನು ಬಲ್ಲ ದೊರೆ ಅವರು. ರೇಷ್ಮೆ ಬಟ್ಟೆ ಈ ನಾಡಿಗೆ ಹೊಸದಲ್ಲ. ಆದರೆ ಹುಳು ಸಾಕಣೆ ಮನೆಮನೆಯ ಕಸುಬಾಗಿ ಬೇರು ಬಿಟ್ಟದ್ದು ಆ ಪ್ರಯತ್ನದಿಂದ. ರಾಜ್ಯದ 21 ಕಡೆ ಇದಕ್ಕೆ ಕೇಂದ್ರ ಮಾಡಬೇಕೆಂದು ಅವರು ಯೋಜಿಸಿದ್ದರು. ಹಾಗೆ ಬಂಗಾಳಕ್ಕೆ ಹೋಗಿ ಬಂದ ಇಬ್ಬರಲ್ಲಿ ಒಬ್ಬ ಮುಸಲ್ಮಾನ, ಒಬ್ಬ ಹಿಂದೂ. ಇದಕ್ಕೆ ನಾವು ಬಣ್ಣ ಬಳಿಯಬೇಕಾಗಿಲ್ಲ, ಹೆಸರುಗಳೇ ಹೇಳುತ್ತವೆ.

ದಾಖಲೆ ಇಲ್ಲದ ಕಡೆ ಮಾತೇ ದಾಖಲೆ. ರೇಷ್ಮೆ ಎಂಬ ನಮ್ಮ ಪದ ಪಾರಸಿಯ 'ರೇಶಮ್'ನಿಂದ ಬಂದದ್ದು. ಹಣ್ಣು ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಬಂಗಾಳದ ಕಡೆಯದು. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಎಂಬ ಲೆಕ್ಕಕ್ಕೆ ಕೊಳ್ಳೇಗಾಲದ ರೀಲರ್ 'ರೆಂಡಿಟ್ಟಾ' ಎನ್ನುತ್ತಾನೆ. ಅದು ಇಟಲಿಯ ಮಾತು, ಹುಟ್ಟುವಳಿ ಎಂದು ಅರ್ಥ. ಗಂಟು ರೋಗಕ್ಕೆ ಇಲಾಖೆಯವರು ಹೇಳುವ 'ಪೆಬ್ರಿನ್' ಫ್ರಾನ್ಸಿನದು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣದ ಹೆಸರು ಜಪಾನಿನದು. ಶಾಲೆಯ ಮೆಟ್ಟಿಲು ಹತ್ತದ ಮುದುಕರೊಬ್ಬರು ಚರಕದ ಮುಂದೆ ಕೂತು ಐದು ದೇಶಗಳ ಮಾತನ್ನು ಒಂದೇ ಉಸಿರಿನಲ್ಲಿ ಆಡುತ್ತಾರೆ, ಅವೆಲ್ಲ ಅಪ್ಪಟ ಕನ್ನಡವೆಂದೋ ದಖನಿ ಉರ್ದುವೆಂದೋ ತಿಳಿದುಕೊಂಡಿರುತ್ತಾರೆ. ವಿದ್ಯೆ ಹಂಚಿಕೊಳ್ಳಲು ಯಂತ್ರ ಬೇಕೇ ಬೇಕು ಎಂದು ವಾದಿಸುವ ನಮ್ಮ ಕಂಪ್ಯೂಟರ್ ಮಿತ್ರರಿಗೆ ನಾವು ಆಗಾಗ ಈ ಪಟ್ಟಿಯನ್ನು ಒಪ್ಪಿಸುವುದುಂಟು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರು ವರ್ಷ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಈ ನಾಡನ್ನೆಲ್ಲ ಸುತ್ತಿದ. ನಮ್ಮ ಹನೂರು, ಕೌದಳ್ಳಿಗಳನ್ನೂ ಹಾದು ಹೋದ. ಇಳಿದ ಊರಿನಲ್ಲೆಲ್ಲ ನೆಲ ಎಂಥದು, ಬೆಳೆ ಯಾವುದು, ನೇಗಿಲು ಹೇಗಿದೆ, ಕಬ್ಬಿಣ ಹೇಗೆ ಕಾಯಿಸುತ್ತಾರೆ ಎಂದು ಕೇಳಿ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟವಾಗಿ ಅಚ್ಚಾಯಿತು. ಹೇಳಿದವರು ನಮ್ಮವರು, ಓದಿದವರು ಲಂಡನ್ನಿನವರು. ವಿದ್ಯೆ ಹೊರಗೆ ಹೋಯಿತೇ ಹೊರತು ಹೇಳಿದವನ ಹೊಲಕ್ಕೆ ವಾಪಸು ಬರಲಿಲ್ಲ. ಈಗಲೂ ಸರ್ವೆಯವರು, ಸಂಶೋಧಕರು ಬಂದು ಪ್ರಶ್ನೆಪಟ್ಟಿ ತುಂಬಿಸಿಕೊಂಡು ಹೋಗುವಾಗ ನಮಗೆ ಬುಕಾನನ್ ನೆನಪಾಗುತ್ತಾನೆ.

ಅದೇ 1799ರಲ್ಲಿ ಇನ್ನೊಂದು ಕೆಲಸವಾಯಿತು. ಕೊಳ್ಳೇಗಾಲ ಸೀಮೆ ಕಂಪನಿಗೆ ಹೋಗಿ ಮುಂದೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಅದರೊಳಗಿನ ಹೋಬಳಿ. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಾಗೀರಾಗಿ ಬಂತು. ಕೊಳ್ಳೇಗಾಲಕ್ಕೂ ಯಳಂದೂರಿಗೂ ಸುಮಾರು 15 ಕಿಲೋಮೀಟರು. ಎತ್ತಿನ ಗಾಡಿಯಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು. ಮಾತು ಒಂದೇ, ಜಾತ್ರೆ ಒಂದೇ, ಬೀಗತನ ಆ ಕಡೆಯಿಂದ ಈ ಕಡೆಗೆ. ಸರ್ಕಾರ ಮಾತ್ರ ಎರಡು. ಕೊಳ್ಳೇಗಾಲದವನ ಅರ್ಜಿ ದಿಂಬಂ ಘಟ್ಟ ಇಳಿದು ಕೊಯಮತ್ತೂರಿಗೆ ಹೋಗಬೇಕು, ಯಳಂದೂರಿನವನದು ಮೈಸೂರಿಗೆ. 157 ವರ್ಷ ಹೀಗೇ ನಡೆಯಿತು.

ಇದರಿಂದ ರೇಷ್ಮೆಗೆ ಏನಾಯಿತು ಎನ್ನುವುದೇ ನಮಗೆ ಕುತೂಹಲದ ಸಂಗತಿ. ಮೈಸೂರಿನ ಕಡೆ ಹೊಸ ವಿದ್ಯೆ ಬೇಗ ಬಂತು. 1896ರ ಸುಮಾರಿಗೆ ಜಮ್‌ಸೇಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆಗೆದು ಜಪಾನಿನಿಂದ ತಜ್ಞರನ್ನು ಕರೆಸಿದರು. 1913-14ರ ಹೊತ್ತಿಗೆ ಮೈಸೂರು ಸರ್ಕಾರ ರೇಷ್ಮೆಗೆಂದೇ ಇಲಾಖೆ ಮಾಡಿ ಇಟಲಿಯ ವಾಷಿಂಗ್‌ಟನ್ ಮಾರಿ ಎಂಬ ತಜ್ಞನನ್ನು ನೇಮಿಸಿತು. ಚನ್ನಪಟ್ಟಣದಲ್ಲಿ ಫಾರಂ ಆಯಿತು. ಮೈಸೂರು ತಳಿಯನ್ನು ಜಪಾನಿನ ತಳಿಯೊಡನೆ ಕೂಡಿಸಿದ ಮಿಶ್ರತಳಿ ಹುಳುಗಳು 1920ರ ದಶಕದಲ್ಲಿ ರೈತರ ತಟ್ಟೆಗೆ ಬಂದವು. ಇತ್ತ ಮದರಾಸು ಪ್ರಾಂತಕ್ಕೆ ರೇಷ್ಮೆ ಎಂದರೆ ಹೆಚ್ಚುಕಡಿಮೆ ಕೊಳ್ಳೇಗಾಲ ತಾಲ್ಲೂಕು ಮಾತ್ರ. ಅಷ್ಟು ದೊಡ್ಡ ಪ್ರಾಂತದ ಒಂದು ಮೂಲೆಯಲ್ಲಿ, ಬೇರೆ ಭಾಷೆಯ ಜನ ಮಾಡುವ ಕಸುಬಿಗೆ ಮದರಾಸಿನ ಕಚೇರಿಯಲ್ಲಿ ಎಷ್ಟು ಮಹತ್ವ ಸಿಕ್ಕಬಹುದೋ ಓದುಗರೇ ಊಹಿಸಬಹುದು. ಆದರೆ ಹುಳುವಿಗೆ ಗಡಿ ಗೊತ್ತಿಲ್ಲ, ಬೀಗರಿಗೂ ಗೊತ್ತಿಲ್ಲ. ಇಲಾಖೆ ತಲುಪಿಸದ್ದನ್ನು ಅಳಿಯ ತಲುಪಿಸುತ್ತಾನೆ, ಸಂತೆ ತಲುಪಿಸುತ್ತದೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಕೊಳ್ಳೇಗಾಲ, ಯಳಂದೂರು ಎರಡೂ ಅದರಲ್ಲಿ ಸೇರಿದವು. ಈಚೆಗೆ ಹನೂರೂ ತಾಲ್ಲೂಕಾಗಿದೆ.

ಕಸುಬುದಾರರು ವಿದ್ಯೆಯನ್ನು ಯಾವಾಗಲೂ ಮನಸಾರೆ ಹಂಚಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೊಳ್ಳೇಗಾಲದ ಚಿಕ್ಕಲ್ಲೂರು ಜಾತ್ರೆಯ ಸಿದ್ಧಪ್ಪಾಜಿಯ ಕತೆಯನ್ನು ನೀಲಗಾರರ ಬಾಯಲ್ಲಿ ಕೇಳಿದವರಿಗೆ ಹಲಗೂರು ಪಾಂಚಾಳರ ಪ್ರಸಂಗ ಗೊತ್ತಿರುತ್ತದೆ. ಗುರು ಮಂಟೇಸ್ವಾಮಿಯ ಆಜ್ಞೆಯಂತೆ ಸಿದ್ಧಪ್ಪಾಜಿ ಅವರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ, ಅವರು ಕೊಡುವುದಿಲ್ಲ, ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾರೆ. ಪಂಡಿತರು ಇದಕ್ಕೆ ಬೇರೆ ಬೇರೆ ಅರ್ಥ ಹೇಳಿದ್ದಾರೆ. ನಮಗೆ ಅದು ಕಸುಬಿನ ಬಾಗಿಲು ಕಾಯುವವರ ಕತೆಯಾಗಿಯೂ ಕೇಳಿಸುತ್ತದೆ. ನಮ್ಮ ಉಸ್ತಾದರುಗಳೂ ಕಮ್ಮಿಯಲ್ಲ. ಹುನರ್ ಕಲಿಸಲು ವರ್ಷಗಟ್ಟಲೆ ಚಾಕರಿ ಮಾಡಿಸಿಕೊಂಡು, ಕೊನೆಯ ಒಂದು ಪಟ್ಟನ್ನು ಮಗನಿಗೇ ಉಳಿಸಿಕೊಂಡವರಿದ್ದಾರೆ. ತಿಳಿದದ್ದನ್ನು ಬಚ್ಚಿಡುವವರ ಬಗ್ಗೆ ಹದೀಸಿನಲ್ಲಿ ಇರುವ ಕಟುವಾದ ಎಚ್ಚರಿಕೆ ಶುಕ್ರವಾರದ ಖುತ್ಬಾದಲ್ಲಿ ಎಷ್ಟೋ ಸಲ ಕೇಳಿಬಂದರೂ ಶನಿವಾರ ಅಂಗಡಿ ತೆಗೆಯುವ ಹೊತ್ತಿಗೆ ಮರೆತಿರುತ್ತದೆ.

ಇದಕ್ಕೆ ಎದುರಾಗಿ ಲೂಯಿ ಪಾಶ್ಚರನನ್ನು ನಿಲ್ಲಿಸಿ ನೋಡಬಹುದು. 1865ರಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆಗೆ ಹೋದಾಗ ಅವನಿಗೆ ಹುಳುವಿನ ಪರಿಚಯವೇ ಇರಲಿಲ್ಲ. ಐದು ವರ್ಷ ದುಡಿದು 1870ರಲ್ಲಿ ತಾನು ಕಂಡದ್ದನ್ನೆಲ್ಲ ಪ್ರಕಟಿಸಿದ. ಉಪಾಯ ಸರಳವಾದದ್ದು: ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಗಂಟು ರೋಗದ ಕಣ ಕಂಡರೆ ಆ ಮೊಟ್ಟೆಯನ್ನು ಸುಡುವುದು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವುದು ಇದೇ. ಗುಟ್ಟು ಮಾಡಿದ್ದರೆ ಅವನು ಹಣ ಮಾಡಬಹುದಿತ್ತು. ಅಚ್ಚು ಮಾಡಿದ್ದರಿಂದ ಕೊಳ್ಳೇಗಾಲದ ಹುಳು ಬದುಕಿತು.

ಹಂಚಿಕೆಯ ಜೊತೆಗೆ ಹಾನಿಯೂ ಬರುತ್ತದೆ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆಗೆ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಹುಳು ತಂದ ಅದೇ ಬಂಗಾಳದಿಂದ ಸುಮಾರು 200 ವರ್ಷದ ಮೇಲೆ ಅದರ ಶತ್ರುವೂ ಬಂದಂತಾಯಿತು. ಬೂದು ಬಣ್ಣದ ಆ ನೊಣ ಹುಳುವಿನ ಮೈಮೇಲೆ ಬಿಳಿ ಚುಕ್ಕೆಯಂತೆ ಮೊಟ್ಟೆಯಿಡುತ್ತದೆ, ಒಳಗೆ ಹೊಕ್ಕ ಮರಿ ಹುಳುವನ್ನು ತಿಂದು ಗೂಡು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ಸಾವಿರಾರು ಮನೆಗಳಲ್ಲಿ ಬೆಳೆ ಹೋಯಿತು. ಹುಳು ಮನೆಯ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟಬೇಕೆಂಬ ಅಷ್ಟು ಸಣ್ಣ ಬುದ್ಧಿ ಊರೂರಿಗೆ ಮುಟ್ಟಬೇಕಾಗಿದ್ದ ಕಾಲದಲ್ಲಿ ಇದ್ದದ್ದು ಇಲಾಖೆಯವರ ಸೈಕಲ್ಲು, ಆಕಾಶವಾಣಿಯ ಕೃಷಿ ಕಾರ್ಯಕ್ರಮ, ಗೋಡೆಗೆ ಅಂಟಿಸಿದ ಹಾಳೆ. ನೊಣ ಇವೆಲ್ಲಕ್ಕಿಂತ ವೇಗವಾಗಿ ಹಾರಿತು. ಅಂದು ಒಂದು ಫೋಟೋ ಒಂದೇ ದಿನದಲ್ಲಿ ಹನೂರಿನಿಂದ ಯಳಂದೂರಿಗೆ ಹೋಗುವಂತಿದ್ದರೆ ಎಷ್ಟೋ ತಟ್ಟೆ ಉಳಿಯುತ್ತಿದ್ದವು ಎಂದು ನಮ್ಮ ಅಂದಾಜು. ಈ ಒಂದು ಕಾರಣಕ್ಕೇ ಕೈಫೋನನ್ನು ನಾವು ಹೀಗಳೆಯುವುದಿಲ್ಲ.

ಹುಳುವಿನ ವಿದ್ಯೆ ಒಂದಾದರೆ ಬೆಲೆಯ ವಿದ್ಯೆ ಇನ್ನೊಂದು. ಗೂಡಿಗೆ ಕಾಯುವ ಗುಣವಿಲ್ಲ. ಕಟ್ಟಿದ ಹತ್ತು ಹನ್ನೆರಡು ದಿನದಲ್ಲಿ ಒಳಗಿನ ಚಿಟ್ಟೆ ಗೂಡು ಸೀಳಿ ಬಂದರೆ ಎಲ್ಲವೂ ಹೋಯಿತು. ಹಾಗಾಗಿ ಬಿಡಿಸಿದ ಮೇಲೆ ರೈತ ಮಾರಲೇಬೇಕು, ಇದು ದಲ್ಲಾಳಿಗೂ ಗೊತ್ತು. ಪೇಟೆಯ ಬೆಲೆ ದಲ್ಲಾಳಿಗೆ ತಿಳಿದಿರುತ್ತಿತ್ತು, ರೈತನಿಗೆ ತಿಳಿಯುತ್ತಿರಲಿಲ್ಲ. 1959ರ ರೇಷ್ಮೆ ಕಾಯಿದೆಯ ಆಶ್ರಯದಲ್ಲಿ ಸರ್ಕಾರಿ ಗೂಡಿನ ಮಾರುಕಟ್ಟೆಗಳು ಬಂದು ಎಲ್ಲರೆದುರು ಹರಾಜು ಕೂಗುವ ಪದ್ಧತಿಯಾದದ್ದು ನಮ್ಮ ದೃಷ್ಟಿಯಲ್ಲಿ ದೊಡ್ಡ ಕ್ರಾಂತಿ, ಮೊಬೈಲಿಗಿಂತ ದೊಡ್ಡದು. ದರವನ್ನು ಕರಿಹಲಗೆಯ ಮೇಲೆ ಬರೆದ ದಿನವೇ ದಲ್ಲಾಳಿಯ ಅರ್ಧ ಶಕ್ತಿ ಹೋಯಿತು. ಆಮೇಲಿನದೆಲ್ಲ ಅದರ ವಿಸ್ತಾರ. ಮೊದಲು ಎಸ್‌ಟಿಡಿ ಬೂತಿನಿಂದ ರಾಮನಗರಕ್ಕೆ ಫೋನು ಮಾಡಿ ದರ ಕೇಳುವುದು, ನಂತರ ಕೇಂದ್ರ ರೇಷ್ಮೆ ಮಂಡಳಿಯ ಎಸ್ಸೆಮ್ಮೆಸ್, ಈಗ ಗುಂಪುಗಳಲ್ಲಿ ಹರಿದಾಡುವ ದಿನದ ಪಟ್ಟಿ. ರಾಮನಗರದಂಥ ದೊಡ್ಡ ಮಾರುಕಟ್ಟೆಯಲ್ಲಿ ಈಗ ರೀಲರ್ ಬೆಲೆಯನ್ನು ಕೂಗುವುದಿಲ್ಲ, ಮೊಬೈಲಿನಲ್ಲಿ ಒತ್ತುತ್ತಾನೆ. ತೂಕ ನೇರವಾಗಿ ಕಂಪ್ಯೂಟರಿಗೆ ಹೋಗುತ್ತದೆ, ಹಣ ಬ್ಯಾಂಕಿಗೆ ಬೀಳುತ್ತದೆ. ಕೊಳ್ಳೇಗಾಲದವನು ಮನೆಯಲ್ಲಿ ಕೂತೇ ಗೂಡನ್ನು ಇಲ್ಲೇ ಮಾರಲೋ ರಾಮನಗರಕ್ಕೆ ಒಯ್ಯಲೋ ಎಂದು ಲೆಕ್ಕ ಹಾಕಬಲ್ಲ. ಬಾಡಿಗೆ ಟೆಂಪೋದ ಖರ್ಚು ಕಳೆದು ಏನುಳಿಯುತ್ತದೆ ಎಂಬುದನ್ನು ಮಾತ್ರ ಯಾವ ಪಟ್ಟಿಯೂ ಹೇಳುವುದಿಲ್ಲ.

ಹಾಗೆಂದು ಸುದ್ದಿ ಬೇಗ ಬಂದದ್ದೇ ಬಲ ಎಂದು ನಂಬುವುದು ತಪ್ಪು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಚೀನಾದ ನೂಲು ಇನ್ನೂ ಹಡಗು ಹತ್ತಿರಲಿಲ್ಲ, ಸುದ್ದಿ ಮಾತ್ರ ಕೈಫೋನುಗಳಲ್ಲಿ ಹರಡಿತು, ಗೂಡಿನ ಬೆಲೆ ಕುಸಿಯಿತು. ರೈತರು ಗೂಡನ್ನು ರಸ್ತೆಗೆ ಸುರಿದರು. ಹಿಂದಿನ ಕಾಲವಾಗಿದ್ದರೆ ಪೆಟ್ಟು ಬೀಳಲು ತಿಂಗಳುಗಳು ಹಿಡಿಯುತ್ತಿತ್ತು, ಅಷ್ಟರಲ್ಲಿ ಒಂದೆರಡು ಬೆಳೆ ಮಾರಿಹೋಗುತ್ತಿದ್ದವು. ಬೆಲೆ ನಿರ್ಧರಿಸುವವರು ದೆಹಲಿಯಲ್ಲಿದ್ದರು, ಅವರ ಗುಂಪಿನಲ್ಲಿ ಕೊಳ್ಳೇಗಾಲದ ನಂಬರು ಇರಲಿಲ್ಲ.

ರೀಲರುಗಳ ಕತೆ ಇನ್ನೂ ಬೇರೆ. ಕೊಳ್ಳೇಗಾಲ, ರಾಮನಗರ, ಚನ್ನಪಟ್ಟಣ, ಶಿಡ್ಲಘಟ್ಟಗಳಲ್ಲಿ ನೂಲು ಬಿಚ್ಚುವವರಲ್ಲಿ ದೊಡ್ಡ ಪಾಲು ನಮ್ಮ ಸಮುದಾಯದ ಬಡವರು. ನಾಲ್ಕು ಚರಕ, ಒಂದು ಒಲೆ, ಬಾಡಿಗೆಯ ತಗಡಿನ ಶೆಡ್ಡು. ಗೂಡನ್ನು ಮುಟ್ಟಿ, ಕಿವಿಯ ಬಳಿ ಅಲುಗಿಸಿ, ಎಷ್ಟು ನೂಲು ಬಂದೀತೆಂದು ಕಣ್ಣಳತೆಯಲ್ಲಿ ಹೇಳುವುದು ಅವರ ಬಂಡವಾಳ. ಬಾಣಲೆಯ ನೀರು ಎಷ್ಟು ಬಿಸಿ ಇರಬೇಕು, ಗೂಡಿನ ಎಳೆಯ ತುದಿ ಸಿಕ್ಕಿದ್ದು ಬೆರಳಿಗೆ ಹೇಗೆ ತಿಳಿಯುತ್ತದೆ ಎಂಬುದು ಒಲೆಯ ಮುಂದೆ ಕೂತವರಿಗೆ ಮಾತ್ರ ಗೊತ್ತು, ಕೂತವರು ಹೆಚ್ಚಾಗಿ ಹೆಂಗಸರು. ಈ ವಿದ್ಯೆ ದಾಟಿ ಬಂದ ರೀತಿಯ ಬಗ್ಗೆ ನಾವು ಹೆಮ್ಮೆ ಪಡುವಂತಿಲ್ಲ. ಎಳೆಯ ಮಕ್ಕಳನ್ನು ಮುಂಗಡದ ಸಾಲಕ್ಕೆ ಒತ್ತೆಯಿಟ್ಟಂತೆ ಶೆಡ್ಡಿಗೆ ಕಳಿಸಿ, ಅವರ ಕೈ ಬಿಸಿ ನೀರಿನಲ್ಲಿ ಬೇಯುತ್ತಿರುವಾಗಲೇ ಹುನರ್ ಕಲಿಸಿದೆವು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತ ಮಕ್ಕಳ ಬಗ್ಗೆ ವರದಿ ತಂದಾಗ ಅದರಲ್ಲಿ ಕರ್ನಾಟಕವೂ ಇತ್ತು. ಆಗ ನಮ್ಮಲ್ಲಿ ಕೆಲವರು ಇದು ಸಮುದಾಯದ ಮೇಲಿನ ಅಪವಾದ ಎಂದು ಸಿಡುಕಿದರು. ಮಕ್ಕಳ ಬೆರಳುಗಳನ್ನು ನೋಡಿದ್ದರೆ ಸಿಡುಕುತ್ತಿರಲಿಲ್ಲ.

ಈಗ ಆ ಶೆಡ್ಡುಗಳಲ್ಲಿ ಕೆಲವು ಮುಚ್ಚಿವೆ, ಕೆಲವು ಯಂತ್ರಕ್ಕೆ ತಿರುಗಿವೆ. ಉಳಿದವರ ಕೈಯಲ್ಲಿ ಫೋನಿದೆ. ಇಲ್ಲೊಂದು ಸೊಗಸಾದ ಸಂಗತಿ ನಡೆದಿದೆ. ನಮ್ಮ ರೀಲರುಗಳಲ್ಲಿ ಉರ್ದು ಓದಿದವರಿಗೆ ಕನ್ನಡ ಬರಹ ಕಷ್ಟ, ಕನ್ನಡ ಓದಿದವರಿಗೆ ಉರ್ದು ಬರಹ ಬಾರದು, ಹಿರಿಯರಿಗೆ ಎರಡೂ ಬಾರದು. ದನಿ ಸಂದೇಶ ಬಂದ ಮೇಲೆ ಈ ತೊಂದರೆಯೇ ಹೋಯಿತು. "ಭಾಯ್, ಆಜ್ ರೆಂಡಿಟ್ಟಾ ಆಠ್ ಮೇಲೆ ಹೋಗ್ತಾ ಇದೆ, ಗೂಡು ಹಸಿ ಇದೆ, ಸಂಭಾಲ್ಕೆ ಲೇವ್" ಎಂದು ಅರ್ಧ ದಖನಿ ಅರ್ಧ ಕನ್ನಡದಲ್ಲಿ ಹೇಳಿ ಕಳಿಸಿದರೆ ಮುಗಿಯಿತು. ಬರಹ ಕಲಿಯದವನನ್ನು ಇನ್ನೂರು ವರ್ಷ ಹೊರಗಿಟ್ಟ ಕಾಗದದ ರಾಜ್ಯ ಒಂದು ಗುಂಡಿ ಒತ್ತಿದ ಕೂಡಲೆ ಅವನಿಗೆ ದಾರಿ ಬಿಟ್ಟಿತು. ಇಲಾಖೆಯ ಸುತ್ತೋಲೆಗಳಲ್ಲಿ, ಅಂತರಜಾಲದ ತಾಣಗಳಲ್ಲಿ ಈ ಮಾತು ಸಿಕ್ಕುವುದಿಲ್ಲ. ಕೇಂದ್ರ ರೇಷ್ಮೆ ಮಂಡಳಿ ಉಪಗ್ರಹದ ಚಿತ್ರಗಳನ್ನು ಬಳಸಿ ಯಾವ ಜಿಲ್ಲೆಯ ನೆಲ ಹಿಪ್ಪುನೇರಳೆಗೆ ಹೊಂದುತ್ತದೆ ಎಂದು ತೋರಿಸುವ 'ಸಿಲ್ಕ್ಸ್' ಎಂಬ ತಾಣವನ್ನು ಮಾಡಿದೆ. ಒಳ್ಳೆಯ ಕೆಲಸ. ಅಲ್ಲಿ ಮಣ್ಣಿದೆ, ಮಳೆಯಿದೆ. ಬಾಣಲೆಯ ಮುಂದೆ ಕೂತ ಹೆಂಗಸಿನ ಬೆರಳಿಗೆ ಗೊತ್ತಿರುವುದು ಇಲ್ಲ.

ಬಲ್ಲವರನ್ನು ಕೇಳಿ, ಹೇಳಿದವರ ಕೆಲಸಕ್ಕೇ ಬರುವಂತೆ ದಾಖಲಿಸುವುದು ಸಾಧ್ಯವೇ ಎಂದರೆ ಉದಾಹರಣೆ ದೂರವಿಲ್ಲ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಹಿರಿಯರು ಮತ್ತು ಅಶೋಕ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರು ಸೇರಿ ಕಾಡಿನಲ್ಲಿ ನಡೆದರು. ಹಿರಿಯರು ತಮ್ಮ ಕುಲದ ಯಲ್ಲೆ, ದೇವರ ಬನ, ಹಳೆಯ ಪೋಡು, ಸಮಾಧಿಯ ಜಾಗ ತೋರಿಸಿದ ಹಾಗೆಲ್ಲ ಜೊತೆಯವರು ಜಿಪಿಎಸ್ ಯಂತ್ರದಲ್ಲಿ ಗುರುತು ಹಾಕಿಕೊಂಡರು. ಹೀಗೆ 489 ಸ್ಥಳಗಳು ನಕ್ಷೆಗೆ ಬಂದವು, 2010ರಲ್ಲಿ ಪ್ರಕಟವಾದವು. ಅದನ್ನು ಸಿದ್ಧಪಡಿಸಿದವರಲ್ಲಿ ಸಿ. ಮಾದೇಗೌಡರು ಸ್ವತಃ ಸೋಲಿಗರು. ಕಾಡಿನಲ್ಲಿ ಯಾರೂ ಇರಲಿಲ್ಲ ಎಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇರೆ ಇರಲಾರದು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು, ಒಕ್ಕಲೆಬ್ಬಿಸುವ ಭಯ ಹರಡಿತು. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯಂತೆ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರವೂ ಬಂತು. ನಕ್ಷೆಯೊಂದರಿಂದಲೇ ಬಂತೆಂದು ನಾವು ಹೇಳುವುದಿಲ್ಲ, ಅದರ ಹಿಂದೆ ಸೋಲಿಗರ ಸಂಘಟನೆಯ ವರ್ಷಗಳ ಓಡಾಟವಿದೆ. ಆದರೆ ಕುಲದ ಕಲ್ಲೊಂದರ ಹೆಸರನ್ನು ಅಧಿಕಾರಿಯ ಮೇಜಿನ ಮೇಲೆ ಅಂಕಿಯ ಸಮೇತ ಇಡಲು ಸಾಧ್ಯವಾಯಿತು.

ಬೆಟ್ಟದಿಂದ ಕೆಳಗಿಳಿದರೆ ಯಳಂದೂರು, ಅಲ್ಲಿಂದ ಕೊಳ್ಳೇಗಾಲಕ್ಕೆ ಅದೇ 15 ಕಿಲೋಮೀಟರು. ಕೊಳ್ಳೇಗಾಲದ ರೀಲರುಗಳ ಮೊಹಲ್ಲಾದಲ್ಲಿ ಎಪ್ಪತ್ತು ದಾಟಿದ ಕೆಲವು ಹೆಂಗಸರು ಇನ್ನೂ ಇದ್ದಾರೆ. ಚರಕದ ಕಾಲ, ಮದರಾಸಿನ ಕಾಲ ಎರಡನ್ನೂ ತಾಯಂದಿರ ಬಾಯಿಂದ ಕೇಳಿದವರು ಅವರು. ಅವರ ಮೊಮ್ಮಕ್ಕಳ ಕೈಯಲ್ಲಿ ದನಿ ಹಿಡಿಯುವ ಯಂತ್ರವಿದೆ. ಒಂದು ಸಂಜೆ ಅದನ್ನು ಬಾಣಲೆಯ ಪಕ್ಕದಲ್ಲಿಟ್ಟು, ನೀರು ಎಷ್ಟು ಬಿಸಿ ಇರಬೇಕು ದಾದೀಮಾ ಎಂದು ಕೇಳಲು ಐದು ನಿಮಿಷ ಸಾಕು.